ಗೋಡೆಯಾಚೆಯ ಹಾಜರಿ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಊರಿನಲ್ಲಿ ಭೂತದ ನೇಮ ನಡೆಯುವಾಗ ಎಲ್ಲರ ಜೊತೆ ಕೈಮುಗಿದು ನಿಲ್ಲುತ್ತಿದ್ದೆ, ಆದರೆ ಮನಸ್ಸಿನೊಳಗೆ ಊಟಕ್ಕೆ ಇನ್ನೆಷ್ಟು ಹೊತ್ತು ಎಂಬ ಯೋಚನೆಯೇ ಇರುತ್ತಿತ್ತು. ಯಾರಾದರೂ ಬಂದು ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕರೆದ ಹಾಗಾಯಿತು ಎಂದರೆ 'ಸ್ವಲ್ಪ ಸರಿಯಾಗಿ ನಿದ್ದೆ ಮಾಡಿ ಮಾರಾಯ್ರೆ' ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದೇ ಮಾತನ್ನು ನೀವು ನನಗೆ ಹೇಳಿದರೆ ನಾನು ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ.

ಇನ್ನೊಂದನ್ನೂ ಮೊದಲೇ ಹೇಳಬೇಕು. ಆ ದಿನಗಳಲ್ಲಿ ನಾನು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದೆ. ಅದನ್ನು ಮುಚ್ಚಿಟ್ಟು ಈ ಘಟನೆಯನ್ನು ಹೇಳಲು ಬರುವುದಿಲ್ಲ. ಈಗ ಅದು ಪೂರ್ತಿ ಆರಿದೆ ಎಂದು ನಾನು ಬರೆದರೆ ನನ್ನ ಹೆಂಡತಿ ಶಶಿಕಲಾ ಓದಿ ನಗುತ್ತಾಳೆ.

ನಾನು ಮಸ್ಕತ್ತಿಗೆ ಬಂದು ಬಹಳ ವರ್ಷಗಳಾದವು. ರೂವಿಯಲ್ಲಿ ವಾಹನಗಳ ಬಿಡಿಭಾಗ ಮಾರುವ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ದಾರ್ಸೈಟಿನಲ್ಲಿ ಫ್ಲ್ಯಾಟು. ಮನೆಯಲ್ಲಿ ತುಳು, ಆಫೀಸಿನಲ್ಲಿ ಇಂಗ್ಲಿಷು ಮತ್ತು ಹಿಂದಿ, ಬರೆಯುವುದು ಮಾತ್ರ ಕನ್ನಡ. ಇಲ್ಲಿಯ ನಮ್ಮ ಕನ್ನಡಿಗರ ಸಂಘದಲ್ಲಿ ಬಹಳ ಕಾಲ 'ಸಾಹಿತಿಗಳು' ಎಂದರೆ ನಾನೊಬ್ಬನೇ. ರಾಜ್ಯೋತ್ಸವಕ್ಕೆ ಸ್ವಾಗತ ಭಾಷಣ ನನ್ನದು, ಸ್ಮರಣ ಸಂಚಿಕೆಗೆ ಸಂಪಾದಕೀಯ ನನ್ನದು, ಮಕ್ಕಳ ಪ್ರಬಂಧ ಸ್ಪರ್ಧೆಗೆ ತೀರ್ಪುಗಾರನೂ ನಾನೇ. ಅದರಲ್ಲಿ ನನಗೆ ಸುಖವಿತ್ತು, ಇಲ್ಲವೆನ್ನುವುದಿಲ್ಲ.

ಆಫೀಸು ಮುಗಿಸಿ ಬಂದು ನಾನೊಂದು ಕಾದಂಬರಿ ಬರೆಯುತ್ತಿದ್ದೆ. ನನ್ನ ಅಜ್ಜಿಯ ಅಮ್ಮ ಬ್ರಿಟಿಷರ ಕಾಲದಲ್ಲಿ ಘಟ್ಟ ಹತ್ತಿದವರು. ನಮ್ಮ ಕಡೆ ಘಟ್ಟ ಹತ್ತುವುದೆಂದರೆ ದೊರೆಗಳ ಕಾಫಿ ತೋಟಕ್ಕೆ ಕೂಲಿಗೆ ಹೋಗುವುದು ಎಂದೇ ಅರ್ಥ. ಮೇಸ್ತ್ರಿ ಊರಿಗೆ ಬಂದು, ಅಕ್ಕಿ ತೋರಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಜನರನ್ನು ಗುಂಪುಗುಂಪಾಗಿ ನಡೆಸಿಕೊಂಡು ಹೋಗುತ್ತಿದ್ದ. ಮೇಲೆ ಹೋದ ಮೇಲೆ ಉದ್ದಕ್ಕೆ ಕಟ್ಟಿದ ಲೈನ್‌ಮನೆ, ಮೈಯೆಲ್ಲ ಜಿಗಣೆ, ಬೆಳಕು ಹರಿಯುವ ಮೊದಲೇ ಹಾಜರಿ. ಹಾಜರಿ ಕೂಗುವ ಗುಮಾಸ್ತನಿಗೆ ರೈಟರ್ ಎಂದು ಹೆಸರು. ಚಳಿಜ್ವರ ಬಂದು ಏಳಲಾಗದವನ ಹೆಸರಿಗೆ ಅವನು ಅಡ್ಡಗೆರೆ ಎಳೆದರೆ ಆ ದಿನ ಆ ಮನೆಗೆ ಅಕ್ಕಿ ಇಲ್ಲ. ತಪ್ಪಿಸಿಕೊಂಡು ಘಟ್ಟ ಇಳಿದವನನ್ನು ಪೊಲೀಸರೇ ಹಿಡಿದು ತಂದು ದೊರೆಗೆ ಒಪ್ಪಿಸುತ್ತಿದ್ದರಂತೆ. ಇದೆಲ್ಲ ನನಗೆ ಅಜ್ಜಿಯ ಬಾಯಿಂದ ಚೂರು ಚೂರಾಗಿ ಬಂದದ್ದು. ಹಾಗಾಗಿ ಈ ವಸ್ತು ನನ್ನದು, ಪಿತ್ರಾರ್ಜಿತವಾಗಿ ಬಂದದ್ದು, ಇದರ ಬೇಲಿಯೊಳಗೆ ಬೇರೆ ಯಾರೂ ಕಾಲಿಡುವುದಿಲ್ಲ ಎಂದುಕೊಂಡಿದ್ದೆ.

ಅಷ್ಟರಲ್ಲಿ ವಿನುತಾ ಬಂದಳು. ಎದುರಿಗೆ ನಾನು ಅವಳನ್ನು ಬಹುವಚನದಲ್ಲಿಯೇ ಮಾತಾಡಿಸುವುದು. ಇಲ್ಲಿ ಏಕವಚನ ಬರೆಯುವಷ್ಟು ಸಲುಗೆಯನ್ನು ನನ್ನ ಹೊಟ್ಟೆಕಿಚ್ಚಿಗೆ ಕೊಟ್ಟಿದ್ದೇನೆ, ಓದುಗರು ಕ್ಷಮಿಸಬೇಕು. ಮೈಸೂರಿನವಳು. ಗಂಡ ಎಂಜಿನಿಯರ್, ಒಬ್ಬಳು ಮಗಳು. ಘಟ್ಟದ ಕೆಳಗಿನ ಊರು ಒಂದನ್ನೂ ಸರಿಯಾಗಿ ಕಂಡವಳಲ್ಲ. ಸಂಘದ ಯುಗಾದಿ ಊಟದಲ್ಲಿ ಎಲೆಯ ಮುಂದೆ ಕುಳಿತು, ಪಕ್ಕದಲ್ಲಿದ್ದ ನನಗೆ ಬಹಳ ವಿನಯದಿಂದ ಹೇಳಿದಳು.

"ಸರ್, ನಾನೊಂದು ಕಾದಂಬರಿ ಬರೀತಿದೀನಿ. ಬ್ರಿಟಿಷರ ಕಾಫಿ ಎಸ್ಟೇಟಿಗೆ ನಿಮ್ಮ ಕಡೆಯಿಂದ ಕೂಲಿಗೆ ಹೋಗ್ತಿದ್ರಲ್ಲ, ಅವರ ಬಗ್ಗೆ. ನಿಮಗೇನಾದ್ರೂ ಗೊತ್ತಿದ್ರೆ ಹೇಳ್ಬೇಕು ಸರ್."

ನನ್ನ ಬಾಯಲ್ಲಿದ್ದ ಪಾಯಸ ಹಾಗೆಯೇ ನಿಂತಿತು. ಲೈಬ್ರರಿಯಲ್ಲಿ ಬೇಕಾದಷ್ಟು ಪುಸ್ತಕ ಉಂಟು, ನೋಡಿ ಎಂದೆ. ಮನೆಗೆ ಬಂದು ಶಶಿಕಲಾಳ ಹತ್ತಿರ ಕೂಗಾಡಿದೆ. "ಮೈಸೂರಿನವರಿಗೆ ಎಂತ ಗೊತ್ತುಂಟು ಇದು? ಅವರಿಗೆ ಬರೆಯಲಿಕ್ಕೆ ಅರಮನೆ ಇಲ್ವಾ?" ಎಂದು ಕೇಳಿದೆ. ಅವಳು ಬಟ್ಟೆ ಮಡಚುತ್ತ, "ನಿಮ್ಮದನ್ನು ಬೇಗ ಮುಗಿಸಿ ಮತ್ತೆ" ಎಂದಳು. ಹೆಂಡತಿಯರಿಗೆ ಸಾಹಿತ್ಯದ ಕಷ್ಟ ಅರ್ಥವಾಗುವುದಿಲ್ಲ.

ಮುಂದಿನ ವರ್ಷ ಸಂಘದ ವಾರ್ಷಿಕೋತ್ಸವಕ್ಕೆ ಒಂದು ಪುಸ್ತಕ ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ಒಂದೇ ಪುಸ್ತಕ. ನನ್ನ ಕಾದಂಬರಿ ಮುಗಿದಿತ್ತು, ಅವಳದೂ ಮುಗಿದಿತ್ತು. ಸಂಘದ ಅಧ್ಯಕ್ಷರು ಭೋಜಣ್ಣ, ಕೇಟರಿಂಗ್ ವ್ಯವಹಾರ ಅವರದು, ಎಲ್ಲವನ್ನೂ ಬಡಿಸಿ ನೋಡಿಯೇ ತೀರ್ಮಾನ ಮಾಡುವ ಮನುಷ್ಯ. "ಎರಡೂ ಒಂದೇ ವಿಷಯ ಅಂತೆ ಅಲ್ವಾ? ಹಾಗಾದ್ರೆ ಪಿಕ್ನಿಕ್‌ಗೆ ಹೋದಾಗ ಇಬ್ಬರೂ ಒಂದೊಂದು ಅಧ್ಯಾಯ ಓದಿ. ಜನಕ್ಕೆ ಯಾವುದು ಹಿಡಿಸ್ತದೋ ಅದನ್ನು ಪ್ರಿಂಟ್ ಮಾಡುವ, ಖಲಾಸ್" ಎಂದರು. ನಾನು ಒಪ್ಪಿದೆ. ಒಪ್ಪದಿದ್ದರೆ ಹೆದರಿದೆ ಎಂದಾಗುತ್ತಿತ್ತು. ನಾನು ಆ ಹೊತ್ತಿಗೆ ಐವತ್ತು ದಾಟಿದ್ದೆ. ನನ್ನ ಹೆಸರಿನ ಒಂದು ಪುಸ್ತಕ ನೋಡಬೇಕೆಂಬುದು ಬಿಟ್ಟರೆ ನನಗೆ ಆ ಕಾಲದಲ್ಲಿ ಬೇರೆ ದೊಡ್ಡ ಆಸೆ ಇರಲಿಲ್ಲ. ಇದು ತಪ್ಪಿದರೆ ಇನ್ನೊಂದು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಪಿಕ್ನಿಕ್ ಇಟ್ಟುಕೊಂಡದ್ದು ರುಸ್ತಾಕಿನ ಹತ್ತಿರ, ಭೋಜಣ್ಣನ ಕಫೀಲನ, ಅಂದರೆ ಅವರ ವ್ಯವಹಾರಕ್ಕೆ ಸ್ಪಾನ್ಸರ್ ಆದ ಒಮಾನಿಯ, ಖರ್ಜೂರದ ತೋಟದಲ್ಲಿ. ಚಳಿಗಾಲದ ಒಂದು ಶುಕ್ರವಾರ. ಮಸ್ಕತ್ತಿನಿಂದ ಕಾರುಗಳ ಸಾಲಿನಲ್ಲಿ ಹೋದೆವು. ತೋಟದ ಮೂರು ಬದಿಗೆ ಹೊಸ ಬೇಲಿ, ಹಿಂಬದಿಗೆ ಮಾತ್ರ ಹಳೆಯ ಮಣ್ಣಿನ ಗೋಡೆ, ನನ್ನ ತಲೆಗಿಂತ ಸ್ವಲ್ಪ ಎತ್ತರ. ಮರಗಳ ನಡುವೆ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಜಮಖಾನೆ ಹಾಸಿ ಹೆಂಗಸರು ಮಕ್ಕಳು ಕೂತರು, ನಮ್ಮಂಥವರಿಗೆ ಪ್ಲಾಸ್ಟಿಕ್ ಕುರ್ಚಿ.

ಊಟವಾದ ಮೇಲೆ ಮೊದಲು ಓದಿದವನು ನಾನು. ನನ್ನ ಕಾದಂಬರಿಯ ಅತ್ಯುತ್ತಮ ಭಾಗವನ್ನೇ ಆರಿಸಿಕೊಂಡಿದ್ದೆ. ದೊರೆ ಕುದುರೆಯ ಮೇಲಿಂದ ಚಾಟಿ ಬೀಸುತ್ತಾನೆ, ನನ್ನ ನಾಯಕ ಚಾಟಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸುತ್ತಾನೆ, ಆಮೇಲೆ ಅವನ ಭಾಷಣ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದ ಭಾಷಣ. ಆದರೆ ಬಿರಿಯಾನಿ ತಿಂದ ಜನ ಅರೆಗಣ್ಣಾಗಿದ್ದರು. ಮಧ್ಯದಲ್ಲಿ ಮಕ್ಕಳ ಚೆಂಡು ನನ್ನ ಕಾಲ ಬುಡಕ್ಕೆ ಬಂತು. ಕೊನೆಗೆ ಚಪ್ಪಾಳೆ ಬಿತ್ತು, ಮರ್ಯಾದೆಗೆ ಎಷ್ಟು ಬೇಕೋ ಅಷ್ಟು. ಪರವಾಗಿಲ್ಲ, ಅವಳಿಗೂ ಇದೇ ಗತಿ ಎಂದು ಸಮಾಧಾನ ಮಾಡಿಕೊಂಡು ಹಿಂದೆ ಹೋಗಿ, ಗೋಡೆಯ ಹತ್ತಿರದ ಕುರ್ಚಿಯಲ್ಲಿ ಒಬ್ಬನೇ ಕುಳಿತೆ. ನನ್ನ ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಚಹಾ ಆದ ಮೇಲೆ ವಿನುತಾ ಓದಿದಳು. ಬಿಸಿಲು ಇಳಿದಿತ್ತು. ಅವಳು ನಿಂತುಕೊಳ್ಳಲಿಲ್ಲ, ಮೈಕು ಬೇಡವೆಂದಳು, ಜಮಖಾನೆಯ ತುದಿಯಲ್ಲಿ ಕುಳಿತು ಮಾತಾಡುವ ಹಾಗೆ ಓದಿದಳು. ಲೈನ್‌ಮನೆಯ ಒಂದು ಬೆಳಗು. ಒದ್ದೆ ಸೌದೆ ಹೊತ್ತುವುದಿಲ್ಲ. ತಾಯಿಯೊಬ್ಬಳು ಮಗುವಿನ ಕಾಲಿನಿಂದ ಜಿಗಣೆ ಕಿತ್ತು ಸುಣ್ಣ ಹಚ್ಚುತ್ತಾಳೆ. ದೊರೆ ಎಲ್ಲೂ ಬರುವುದಿಲ್ಲ, ಅವನ ನಾಯಿ ಮಾತ್ರ ಬಂದು ಮೂಸಿ ಹೋಗುತ್ತದೆ. ಕೇಳುತ್ತ ಕೇಳುತ್ತ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ನನಗೆ ಎಷ್ಟು ಹಿತವಾಗುತ್ತಿತ್ತು ಎಂದು ಹೇಳಲಾರೆ. ನನ್ನ ಅಜ್ಜಿಯ ಅಮ್ಮ ಹಚ್ಚಿದ ಸುಣ್ಣ ಅದು. ಈ ಮೈಸೂರಿನವಳಿಗೆ ಅದನ್ನು ಯಾರು ಕೊಟ್ಟರು? ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ದವಡೆ ನೋಯುವಷ್ಟು ಬಿಗಿಯಾಗಿ ಹಲ್ಲು ಕಚ್ಚಿದ್ದೆ.

ಕಥೆಯಲ್ಲಿ ಹಾಜರಿಯ ಹೊತ್ತಾಯಿತು. ರೈಟರ್ ಲಾಟೀನು ಹಿಡಿದು ಹೆಸರು ಕೂಗುತ್ತಾನೆ. ವಿನುತಾ "ಐತ" ಎಂದು ಓದಿ, ತಲೆಯೆತ್ತಿ ಸ್ವಲ್ಪ ನಿಲ್ಲಿಸಿದಳು.

ನನ್ನ ಹಿಂದೆ, ಗೋಡೆಯ ಆಚೆಯಿಂದ, ಒಬ್ಬ ಗಂಡಸಿನ ಸ್ವರ "ಉಳ್ಳೆ" ಎಂದಿತು.

ತುಳು ಬಾರದವರಿಗೆ ಹೇಳುತ್ತೇನೆ, ಉಳ್ಳೆ ಎಂದರೆ ಇದ್ದೇನೆ ಎಂದು. ಕೂಗಿ ಹೇಳಿದ್ದಲ್ಲ. ದಿನಾ ಹೇಳಿ ಅಭ್ಯಾಸವಾದವರು ಹೇಳುವ ಹಾಗೆ, ತಗ್ಗಿದ ಸ್ವರದಲ್ಲಿ ಹೇಳಿದ್ದು. ಕುಳಿತಿದ್ದವರೆಲ್ಲ ತಿರುಗಿ ನನ್ನ ಕಡೆ ನೋಡಿದರು. ನಾನೂ ತಿರುಗಿ ಗೋಡೆಯ ಕಡೆ ನೋಡಿದೆ. ಗೋಡೆಯ ಮೇಲೆ ಯಾರೂ ಇಣುಕುತ್ತಿರಲಿಲ್ಲ.

"ಸೋಮ" ಎಂದಳು ವಿನುತಾ. ಮತ್ತೆ ಆಚೆಯಿಂದ "ಉಳ್ಳೆ". ಈ ಸಲ ಬೇರೆ ಸ್ವರ, ವಯಸ್ಸಾದವನದು. "ಅಂಗಾರ" ಎಂದಾಗ ಬಂದ ಉತ್ತರದಲ್ಲಿ ಕಫ ಕಟ್ಟಿದ ಗೊರಗೊರ ಶಬ್ದವಿತ್ತು.

ನನಗೆ ಆಗ ಹೆದರಿಕೆಯಾಯಿತು ಎಂದು ನೀವು ಎಣಿಸಬಹುದು. ಇಲ್ಲ. ನನಗೆ ಬಂದದ್ದು ಸಿಟ್ಟು. ಇವಳು ಗೋಡೆಯ ಹಿಂದೆ ಜನ ನಿಲ್ಲಿಸಿದ್ದಾಳೆ, ಇದು ಓದುವುದಲ್ಲ, ನಾಟಕ, ಇದು ಮೋಸ ಎಂದು ಮೈ ಉರಿಯಿತು. ನನಗೆ ಯಾಕೆ ಇದು ಹೊಳೆಯಲಿಲ್ಲ ಎಂದು ಇನ್ನಷ್ಟು ಉರಿಯಿತು. ಅಷ್ಟು ಒಳ್ಳೆಯ ತುಳು ಮಾತಾಡುವ ಗಂಡಸರನ್ನು ಎಲ್ಲಿಂದ ಹಿಡಿದು ತಂದಳು? ನಮ್ಮ ಸಂಘದವರೆಲ್ಲ ಇಲ್ಲಿಯೇ ಕಣ್ಣೆದುರಿಗೆ ಕುಳಿತಿದ್ದರು.

ಆ ಉರಿಯ ನಡುವೆಯೇ ನನಗೊಂದು ಸಂತೋಷದ ಸಂಗತಿ ಸಿಕ್ಕಿತು. ಅಂಗಾರನಾದ ಮೇಲೆ ಅವಳು "ಗುರುವ" ಎಂದಳು. ನಮ್ಮ ಕಡೆ ಹಿಂದೆ ದುಡಿಯುವ ಜನರ ಮಕ್ಕಳಿಗೆ ಹುಟ್ಟಿದ ವಾರದ ಹೆಸರನ್ನೇ ಇಡುತ್ತಿದ್ದರು. ಆದಿತ್ಯವಾರ ಹುಟ್ಟಿದವನು ಐತ, ಸೋಮವಾರದವನು ಸೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಇದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಇವಳು ಎಲ್ಲಿಂದಲೋ ಹೆಸರು ಎತ್ತಿಕೊಂಡು ಸಾಲಾಗಿ ಇಟ್ಟಿದ್ದಾಳೆ, ಬುಧವಾರವನ್ನೇ ಬಿಟ್ಟಿದ್ದಾಳೆ. ಸಿಕ್ಕಿಬಿದ್ದಳಲ್ಲ ಎಂದುಕೊಂಡೆ. ಮೈಸೂರಿನವರು ಬರೆದರೆ ಹೀಗೆಯೇ.

ಗುರುವ ಉಳ್ಳೆ ಎಂದ. ತುಕ್ರ ಉಳ್ಳೆ ಎಂದ, ಅವನದು ಮೀಸೆ ಮೂಡದ ಹುಡುಗನ ಸ್ವರ. ತನಿಯ ಉಳ್ಳೆ ಎಂದ. ಅಲ್ಲಿಗೆ ಹೆಸರುಗಳು ಮುಗಿದವು. ವಿನುತಾ ಮಾತ್ರ ತಲೆ ಕೆಳಗೆ ಮಾಡಲಿಲ್ಲ, ನನ್ನ ಕಡೆಯೇ ನೋಡುತ್ತ ಸುಮ್ಮನೆ ಕುಳಿತಿದ್ದಳು. ಅವಳ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಆಗ ಗೋಡೆಯ ಆಚೆಯಿಂದ ಇನ್ನೊಂದು "ಉಳ್ಳೆ" ಬಂತು. ಉಳಿದವರದು ದೂರದಿಂದ ಬಂದಿದ್ದರೆ ಇದು ನನ್ನ ಕಿವಿಯ ಹತ್ತಿರವೇ ಬಂತು. ಹಿಂದೆ ಉಳಿದವನು ಏದುಸಿರು ಬಿಡುತ್ತ ಬಂದು ಸೇರಿಕೊಂಡ ಹಾಗಿತ್ತು. ಯಾರೂ ಕರೆಯದೆ ಬಂದ ಉತ್ತರ.

ನಾನು ಎದ್ದೆ. ಈ ನಾಟಕದವರನ್ನು ಎಲ್ಲರ ಎದುರು ಹಿಡಿದು ನಿಲ್ಲಿಸಬೇಕೆಂದು ಗೋಡೆಯ ಪಕ್ಕದಲ್ಲಿದ್ದ ಕಬ್ಬಿಣದ ಗೇಟಿನಿಂದ ಹೊರಗೆ ಹೋದೆ. ಆಚೆ ಏನೂ ಇರಲಿಲ್ಲ. ಮರವಿಲ್ಲ, ಪೊದೆಯಿಲ್ಲ. ಗುಡ್ಡದ ಬುಡದವರೆಗೂ ಬರಿಯ ಜಲ್ಲಿಕಲ್ಲಿನ ಬಯಲು. ಮನುಷ್ಯ ಹಾಗಿರಲಿ, ಒಂದು ಆಡು ಅಡಗಲಿಕ್ಕೂ ಅಲ್ಲಿ ಜಾಗವಿಲ್ಲ. ಗೋಡೆಯ ಉದ್ದಕ್ಕೂ ನಡೆದು ನೋಡಿದೆ. ಅಷ್ಟು ಜನ ಆ ಬಯಲು ದಾಟಿ ಓಡಿದ್ದರೆ ನನ್ನ ಕಣ್ಣಿಗೆ ಬೀಳಲೇಬೇಕಿತ್ತು. ಹೆದರಿಕೆಯಾದದ್ದು ಆಗ. ಎಷ್ಟು ಹೊತ್ತು ಅಲ್ಲಿ ನಿಂತೆನೋ ತಿಳಿಯದು. ಗೋಡೆಯ ಈಚೆ ಅವಳ ಓದು ಮುಗಿದು ಚಪ್ಪಾಳೆ ಕೇಳಿತು. ಅದು ನಿಲ್ಲಲೇ ಇಲ್ಲ. ನನ್ನ ಓದಿಗೆ ಬಿದ್ದದ್ದೂ ಇದೂ ಎರಡೂ ಚಪ್ಪಾಳೆಯೇ ಎಂದು ಹೇಳುವುದು ಕಷ್ಟ. ಅಷ್ಟು ಹೆದರಿದವನಿಗೂ ಅದು ಚುಚ್ಚಿತು.

ಒಳಗೆ ಬಂದಾಗ ಭೋಜಣ್ಣ ಓಡಿ ಬಂದು ನನ್ನನ್ನು ಅಪ್ಪಿಕೊಂಡರು. "ಎಂತ ಮಾರಾಯ್ರೆ ನೀವು, ಸ್ಪರ್ಧೆಯಲ್ಲಿ ಎದುರಿದ್ದವರಿಗೆ ಹೀಗೆ ಸಪೋರ್ಟ್ ಮಾಡುವವರನ್ನು ನಾನು ನೋಡ್ಲಿಲ್ಲ" ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ವಿನುತಾ ಬಂದಳು. ಕಣ್ಣು ತುಂಬಿಕೊಂಡಿದ್ದಳು.

"ಸರ್, ನಾನು ಬರೀ ಹೆಸರು ಬರೆದಿದ್ದೆ. ಕೂಗಿದಾಗ ಅವರು ಏನಂತ ಉತ್ತರ ಕೊಡ್ತಿದ್ರೋ ನಂಗೆ ಗೊತ್ತಿರ್ಲಿಲ್ಲ, ಅದಕ್ಕೇ ಖಾಲಿ ಬಿಟ್ಟಿದ್ದೆ. ನೀವು ತುಂಬಿಬಿಟ್ರಿ. ಅಷ್ಟು ಥರದ ಸ್ವರ ಹೆಂಗೆ ತೆಗೆದ್ರಿ ಸರ್? 'ಉಳ್ಳೆ' ಅಂದ್ರೆ ಏನು?"

ಅರ್ಥ ಹೇಳಿದೆ. ಆಮೇಲೆ, ಹೇಳಿದ್ದು ನಾನಲ್ಲ, ಗೋಡೆಯ ಆಚೆಯಿಂದ ಬಂತು ಎಂದೆ. ಎಲ್ಲರೂ ನಕ್ಕರು. ಸಾಹಿತಿಗಳ ತಮಾಷೆ ಎಂದುಕೊಂಡರು. ಮತ್ತೆ ಮತ್ತೆ ಹೇಳಿದೆ, ಅದು ನನ್ನ ವಿನಯವೆಂದಾಯಿತು. ಭೋಜಣ್ಣ ಅಲ್ಲಿಯೇ ಅಚ್ಚಾಗುವುದು ವಿನುತಾಳ ಪುಸ್ತಕವೆಂದು ಘೋಷಿಸಿದರು, ಮೊದಲು ಚಪ್ಪಾಳೆ ತಟ್ಟಬೇಕಾದವನು ನಾನೇ ಆಗಿಬಿಟ್ಟೆ.

ಮಸ್ಕತ್ತಿಗೆ ಮರಳುವಾಗ ಕಾರಿನಲ್ಲಿ ಶಶಿಕಲಾ ನನ್ನ ಪಕ್ಕದಲ್ಲಿದ್ದಳು. ಅವಳೊಬ್ಬಳು ನನ್ನ ಮಾತು ನಂಬುತ್ತಾಳೆ ಎಂದುಕೊಂಡು, ಗೋಡೆಯ ಆಚೆಯ ಸ್ವರ ನಿನಗೂ ಕೇಳಿತಲ್ಲ ಎಂದೆ.

"ಗೋಡೆ ಎಂತದು? ನಾನು ತಿರುಗಿ ನಿಮ್ಮ ಬಾಯಿಯನ್ನೇ ನೋಡ್ತಾ ಇದ್ದೆ. ಹೇಳಿದ್ದು ನೀವೇ. ಒಂದೊಂದು ಸಲ ಒಂದೊಂದು ಸ್ವರ. ಆ ಕೆಮ್ಮಿನದ್ದು ಬಂದಾಗ ನನಗೆ ಹೆದರಿಕೆಯಾಯ್ತು."

"ನಾನು ಹಲ್ಲು ಕಚ್ಚಿ ಕೂತಿದ್ದೆ."

"ಆರು ಸಲ ಹೇಳಿದಿರಿ. ನಾನು ಕಂಡಿದ್ದೇನೆ."

"ಆರಲ್ಲ, ಏಳು. ಕೊನೆಗೆ ಒಂದು ಬಂತಲ್ಲ?"

"ಕೊನೆಗೆ ಎಲ್ಲಿ ಹೇಳಿದ್ರಿ? ಕೊನೆಗೆ ಸುಮ್ಮನೆ ಕೂತಿದ್ರಿ, ಮತ್ತೆ ಎದ್ದು ಹೋದಿರಿ. ಅದು ಸರಿಯೇ ಆಯ್ತು, ಆ ಕಥೆಯಲ್ಲಿ..."

ಆ ಕಥೆಯ ಮಾತು ನನ್ನ ಹತ್ತಿರ ಎತ್ತಬೇಡ ಎಂದು ನಾನು ಜೋರು ಮಾಡಿದೆ. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು. ಆ ದಿನದಿಂದ ನಮ್ಮ ಮನೆಯಲ್ಲಿ ವಿನುತಾಳ ಕಾದಂಬರಿಯ ಸುದ್ದಿಗೆ ನಿಷೇಧ ಬಿತ್ತು.

ಪುಸ್ತಕ ಬಂತು. ಅದಕ್ಕೆ ಅವಳು ಇಟ್ಟ ಹೆಸರೇ 'ಉಳ್ಳೆ'. ನನ್ನ ಭಾಷೆಯ ಮಾತು, ನಾನು ಅರ್ಥ ಹೇಳಿಕೊಟ್ಟ ಮಾತು, ಮೈಸೂರಿನವಳ ಪುಸ್ತಕದ ಮೇಲೆ ದಪ್ಪಕ್ಷರದಲ್ಲಿ ಕುಳಿತಿತು. ರೂವಿಯ ಹೋಟೆಲಿನ ಹಾಲಿನಲ್ಲಿ ಬಿಡುಗಡೆಯ ದಿನ ವೇದಿಕೆಯಿಂದ ನನ್ನ ಹೆಸರು ಹೇಳಿ, 'ಈ ಕಾದಂಬರಿಗೆ ದನಿ ಕೊಟ್ಟವರು' ಎಂದಳು. ಜನ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಹತ್ತು ವರ್ಷ ಬರೆದ ಮುನ್ನೂರು ಪುಟಗಳಿಗೆ ಸಿಗದಿದ್ದದ್ದು, ನಾನು ಆಡದ ಆರು ಮಾತಿಗೆ ಸಿಕ್ಕಿತು. ಊರಿನ ಪತ್ರಿಕೆಗಳಲ್ಲಿ ವಿಮರ್ಶೆ ಬಂತು, ಒಂದು ಬಹುಮಾನವೂ ಬಂತು. ಅವಳು ಸಹಿ ಹಾಕಿ ಕೊಟ್ಟ ಪ್ರತಿಯನ್ನು ನಾನು ತೆರೆದು ಓದಲಿಲ್ಲ. ಓದಿದರೆ ಮೆಚ್ಚಬೇಕಾದೀತು ಎಂಬ ಭಯ. ಶಶಿಕಲಾ ಓದಿದಳು, ಓದುವಾಗ ಅತ್ತಳು. ಯಾವ ಪುಟಕ್ಕೆ ಅತ್ತೆ ಎಂದು ನಾನು ಕೇಳಲಿಲ್ಲ.

ಆ ಎಲ್ಲ ವರ್ಷ ನನಗಿದ್ದ ಸಮಾಧಾನ ಒಂದೇ. ಬುಧವಾರ. ಯಾರಾದರೂ ಆ ಪುಸ್ತಕವನ್ನು ಹೊಗಳಿದಾಗ ನಾನು ಮನಸ್ಸಿನೊಳಗೆ, 'ಬೂದ ಎಲ್ಲಿ ಸ್ವಾಮಿ?' ಎಂದು ಕೇಳಿಕೊಂಡು ನಗುತ್ತಿದ್ದೆ. ಇಷ್ಟು ದೊಡ್ಡ ತಪ್ಪು ಯಾವ ವಿಮರ್ಶಕನಿಗೂ ಕಂಡಿಲ್ಲ, ನನಗೊಬ್ಬನಿಗೇ ಗೊತ್ತು. ಮತ್ತೆ ನಾನೇ ಒಂದು ಲೆಕ್ಕ ಹಾಕಿದ್ದೆ. ಕರೆಯದೆ ಬಂದ ಆ ಏಳನೆಯ ಉತ್ತರ ಬೂದನದ್ದೇ. ಅವಳು ಬಿಟ್ಟದ್ದಕ್ಕೆ ಅವನು ತಾನಾಗಿಯೇ ಬಂದ. ಬಂದದ್ದು ನನ್ನ ಕಿವಿಗೆ ಮಾತ್ರ. ಹಾಗಾದರೆ ಆ ಆರು ಮಂದಿ ಅವಳವರಾದರೂ ಬೂದ ನನ್ನವನು. ಹುಚ್ಚು ಯೋಚನೆ ಎಂದು ಗೊತ್ತಿತ್ತು, ಆದರೂ ಅದನ್ನು ಬೆಲ್ಲದ ತುಂಡಿನ ಹಾಗೆ ಬಾಯಲ್ಲಿ ಇಟ್ಟುಕೊಂಡಿದ್ದೆ.

ಒಮ್ಮೆ ಕಂಪನಿಯ ಕೆಲಸಕ್ಕೆ ರುಸ್ತಾಕಿಗೆ ಹೋದವನು, ಕೆಲಸ ಮುಗಿಸಿ ಆ ತೋಟಕ್ಕೆ ಹೋದೆ. ಕಾವಲಿನವನಿಗೆ ಭೋಜಣ್ಣನ ಹೆಸರು ಹೇಳಿದೆ. ಅದೇ ಜಾಗದಲ್ಲಿ ಗೋಡೆಗೆ ಬೆನ್ನು ಹಾಕಿ ನಿಂತು ಏಳು ಹೆಸರುಗಳನ್ನೂ ಕರೆದೆ. ಅವಳ ಹಾಗೆ ನಿಲ್ಲಿಸಿ ನಿಲ್ಲಿಸಿ ಕರೆದೆ. ಅಜ್ಜಿ ನಮ್ಮನ್ನು ಕರೆಯುತ್ತಿದ್ದ ರಾಗದಲ್ಲಿ "ಬೂದಾ" ಎಂದು ಬೇರೆಯಾಗಿ ಕರೆದೆ. ಕಾಲುವೆಯ ನೀರಿನ ಶಬ್ದ ಬಿಟ್ಟು ಏನೂ ಕೇಳಲಿಲ್ಲ. ಮಸೀದಿಯಿಂದ ಸಂಜೆಯ ಬಾಂಗು ಕೇಳುವವರೆಗೆ ಕಾದೆ. ನಿಮ್ಮ ಮಕ್ಕಳ ಮಕ್ಕಳು ನಾವು, ನಿಮ್ಮ ಭಾಷೆ ನನ್ನದು, ನಾನು ಕರೆದರೆ ಯಾಕೆ ಬರುವುದಿಲ್ಲ ಎಂದು ಗೋಡೆಯ ಹತ್ತಿರ ಕೇಳಿದೆನೋ ಇಲ್ಲವೋ ನೆನಪಿಲ್ಲ. ಕಾರಿಗೆ ಬಂದು ಕುಳಿತೆ. ಮಗುವಿಗೆ ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಆಗುತ್ತದಲ್ಲ, ಅಂಥ ದುಃಖ.

ಹೋದ ತಿಂಗಳು ವಿನುತಾ ನಮ್ಮ ಮನೆಗೆ ಬಂದಳು. ಪುಸ್ತಕ ಮರುಮುದ್ರಣವಾಗುತ್ತಿದೆಯಂತೆ, ಈ ಸಲ ಬೆಂಗಳೂರಿನ ಪ್ರಕಾಶಕರಿಂದ. ತಪ್ಪುಗಳಿದ್ದರೆ ತಿದ್ದಿಕೊಡಬೇಕು ಸರ್, ನೀವು ಹೇಳದೆ ನಾನು ಅಚ್ಚಿಗೆ ಕಳಿಸುವುದಿಲ್ಲ ಎಂದಳು. ನನಗೆ ಆ ಗಳಿಗೆಗಾಗಿಯೇ ಇಷ್ಟು ವರ್ಷ ಕಾದ ಹಾಗೆನಿಸಿತು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ನಿಧಾನವಾಗಿ ಹೇಳಿದೆ.

"ಹಾಜರಿಯಲ್ಲಿ ನೀವೊಂದು ಹೆಸರು ಬಿಟ್ಟಿದ್ದೀರಿ. ಬುಧವಾರದವನು. ಬೂದ."

ಅವಳ ಮುಖ ಬಿಳಿಚಿಕೊಳ್ಳುತ್ತದೆ ಎಂದು ಎಣಿಸಿದ್ದೆ. ಅವಳು ಅರ್ಥವಾಗದವಳ ಹಾಗೆ ನನ್ನನ್ನು ನೋಡಿದಳು.

"ಬೂದ ಇದಾನಲ್ಲ ಸರ್. ಕೊನೇಲಿ. ರೈಟರ್ ಅವನನ್ನ ಬೇಕಂತಲೇ ಕೊನೆಗೆ ಇಟ್ಟಿರ್ತಾನೆ, ಅವನಿಗೆ ಜ್ವರ ಅಂತ. ಅವತ್ತು ತೋಟದಲ್ಲೂ ಓದಿದೆನಲ್ಲ. ಮೂರು ಸಲ ಕರೆದೆ ಸರ್, ನಿಮ್ಮನ್ನೇ ನೋಡ್ತಾ. ನೀವು ಅದಕ್ಕೊಂದಕ್ಕೆ ಉತ್ತರ ಕೊಡ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಶಿಕಲಾಳ ಕಡೆ ನೋಡಿದೆ. ಅವಳು ಹೌದೆಂದು ತಲೆಯಾಡಿಸಿದಳು. "ಬೂದಾ, ಬೂದಾ, ಬೂದಾ ಅಂತ ಕರೆದರಲ್ಲ, ಎಲ್ಲರಿಗೂ ಕೇಳಿದೆ. ನಿಮಗೆ ಎಂತಾಗಿತ್ತು?" ಎಂದಳು.

"ಅದೇ ಚೆನ್ನಾಗಿದ್ದಿದ್ದು ಸರ್," ವಿನುತಾ ಮುಂದುವರಿಸಿದಳು. "ರಾತ್ರಿಯೇ ಅವನು ಲೈನ್‌ಮನೇಲಿ ಸತ್ತಿರ್ತಾನೆ. ರೈಟರ್‌ಗೆ ಗೊತ್ತಿರಲ್ಲ, ಗೈರುಹಾಜರಿ ಅಂತ ಬರೆದು, ಅವನ ಹೆಂಡತಿಯ ಅಕ್ಕಿ ಹಿಡಿದುಬಿಡ್ತಾನೆ. ಇಡೀ ಕಾದಂಬರಿ ಅಲ್ಲಿಂದ ಶುರುವಾಗೋದು. ಸತ್ತವನು ಹೇಗೆ ಉತ್ತರ ಕೊಡ್ತಾನೆ ಅಂತ ಸರಿಯಾಗಿ ಅಲ್ಲಿಗೇ ಸುಮ್ಮನಾಗಿ, ಎದ್ದು ಹೊರಗೆ ಹೋದ್ರಿ ನೀವು. ಅವತ್ತು ಅಷ್ಟು ಜನ ಅತ್ತಿದ್ದು ಅದಕ್ಕೇ ಸರ್."

ಅವಳು ಮೂರು ಸಲ ಕರೆದದ್ದು ಅಲ್ಲಿದ್ದವರಿಗೆಲ್ಲ ಕೇಳಿದೆ, ನನಗೆ ಕೇಳಿಲ್ಲ. ಅವನು ಉಳ್ಳೆ ಎಂದದ್ದು ನನಗೆ ಕೇಳಿದೆ, ಅಲ್ಲಿದ್ದ ಯಾರಿಗೂ ಕೇಳಿಲ್ಲ. ಆ ಆರು ಸ್ವರ ನನ್ನ ಬಾಯಿಂದಲೇ ಬಂದಿರಬಹುದು, ಮನುಷ್ಯನ ಮನಸ್ಸು ಏನೇನೋ ಮಾಡುತ್ತದೆ, ಒಪ್ಪಿಕೊಳ್ಳಲು ತಯಾರಿದ್ದೇನೆ. ಆದರೆ ಏಳನೆಯದು ನನ್ನ ಬಾಯಿಂದ ಬಂದದ್ದಲ್ಲ ಎಂದು ಎಲ್ಲರೂ ಸಾಕ್ಷಿ ಹೇಳುತ್ತಾರೆ. ಬಂದೇ ಇಲ್ಲ ಎಂದೂ ಹೇಳುತ್ತಾರೆ. ಏದುಸಿರು ಬಿಡುತ್ತ ಬಂದ ಆ ಸ್ವರದ ಬಿಸಿ ನನ್ನ ಕಿವಿಗೆ ತಾಗಿದ್ದು ನೆನಪಿದೆ. ಇದಕ್ಕಿಂತ ಮುಂದೆ ನನಗೆ ಏನೂ ಹೊಳೆಯುವುದಿಲ್ಲ, ಹೊಳೆದವರು ಯಾರಾದರೂ ಇದ್ದರೆ ತಿಳಿಸಲಿ.

"ಹಾಗಾದ್ರೆ ತಿದ್ದೋದು ಏನೂ ಇಲ್ಲ ಅಲ್ವಾ ಸರ್?" ವಿನುತಾ ಕೇಳಿದಳು.

ಅವನು ಬಂದಿದ್ದ, ಗೈರುಹಾಜರಿ ಎಂದು ಬರೆದದ್ದು ತಪ್ಪು ಎಂದು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು, ಅವಳ ಕಣ್ಣಿನಲ್ಲಿ ಅದು ಕಾಣುತ್ತಿತ್ತು. ನಂಬಿ, ಮನೆಗೆ ಹೋಗಿ, ಅದನ್ನೂ ಬರೆಯುತ್ತಿದ್ದಳು. ನಾನು ಬರೆಯುವುದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದಳು.

"ಏನೂ ಇಲ್ಲ, ಹಾಗೆಯೇ ಅಚ್ಚಿಗೆ ಕೊಡಿ" ಎಂದೆ.